ಕಿರು ಇಂಜಿನ್‌ಗೆ ಯಾರ ಕೂಗು ತುಂಬೋಣ?

ಚುಕುಬುಕು, ಚುಕುಬುಕು. ಅಂಗನವಾಡಿ ಮಕ್ಕಳಿಗೆ ರೈಲಾಟ ಆಡಿ ಅಂದರೆ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಇವತ್ತಿಗೂ ಕೂಗುವುದು ಹೀಗೇ. ಆ ಮಕ್ಕಳು ಅಂಥ ರೈಲು ಕಂಡಿಲ್ಲ. ಅವರ ಅಪ್ಪ ಅಮ್ಮಂದಿರಲ್ಲೂ ಬಹಳ ಮಂದಿ ಕಂಡಿಲ್ಲ. ಈಗ ಹೊಸಪೇಟೆ ಸ್ಟೇಷನ್ನಿಗೆ ಬರುವ ಕರೆಂಟ್ ಇಂಜಿನ್ ಗುಂಯ್ ಅಂತ ಬಂದು ನಿಲ್ಲುತ್ತದೆ, ಹಾರ್ನ್ ಹೊಡೆದು ಹೊರಡುತ್ತದೆ. ಚುಕುಬುಕು ಮಕ್ಕಳ ಬಾಯಲ್ಲಿ ಮಾತ್ರ ಉಳಿದಿದೆ.

ಆ ಸದ್ದನ್ನು ಮತ್ತೆ ಕೇಳಿಸುವ ಒಂದು ಕಸುಬು ಇದೆ. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಉಗಿ ಇಂಜಿನ್ ಮಾದರಿಯೊಳಗೆ ಬೆರಳಿನಗಲದ ಒಂದು ಸರ್ಕ್ಯೂಟ್ ಬೋರ್ಡು, ಒಂದು ಪುಟ್ಟ ಸ್ಪೀಕರ್ ಕೂರಿಸುತ್ತಾರೆ. ಚಕ್ರ ತಿರುಗಿದಂತೆ ಇಂಜಿನ್ ಉಸಿರು ಬಿಡುತ್ತದೆ, ಬಟನ್ ಒತ್ತಿದರೆ ಸೀಟಿ ಹಾಕುತ್ತದೆ. ಆ ಬೋರ್ಡಿಗೆ ಸೌಂಡ್ ಡಿಕೋಡರ್ ಅನ್ನುತ್ತಾರೆ.

"ಕಂಪ್ಲಿಗೆ ಇನ್ನೂ ರೈಲೇ ಬಂದಿಲ್ಲ, ಆಟಿಕೆ ರೈಲಿನ ಸದ್ದು ಕಟ್ಟಿಕೊಂಡು ಏನ್ ಮಾಡಾದು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಂಪ್ಲಿಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಆ ಬೇಡಿಕೆ ಇದ್ದೇ ಇರಲಿ, ಬಿಡುವುದು ಬೇಡ. ಆದರೆ ಹಳಿ ಇವತ್ತಲ್ಲದಿದ್ದರೆ ಹತ್ತು ವರ್ಷಕ್ಕೆ ಬಂದೀತು. ನಾನು ಹೇಳಹೊರಟ ಕೆಲಸಕ್ಕೆ ಅಷ್ಟು ಕಾಲ ಉಳಿದಿಲ್ಲ.

ನಮ್ಮ ಹಳಿಯ ಕಥೆ

1876ರಿಂದ 78ರವರೆಗೆ ಬಿದ್ದ ದೊಡ್ಡ ಬರದಲ್ಲಿ ಬಳ್ಳಾರಿ ಸೀಮೆ ನಲುಗಿತು. ಅದಾದ ಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಮಾರ್ಗವಾಗಿ ಮೀಟರ್‌ಗೇಜ್ ಹಳಿ ಹಾಕಿತು. ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರು ಅಂತರ. ಆಮೇಲೆ ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿಗೆ ಒಂದು ಕವಲು ಹೋಯಿತು. ಗುಂಡಾ ರೋಡಿನಿಂದ ಸಂಡೂರು ಗುಡ್ಡಗಳ ಕಡೆ, ಸ್ವಾಮಿಹಳ್ಳಿಗೆ ಇನ್ನೊಂದು. ಈ ಮೀಟರ್‌ಗೇಜ್ ಹಳಿಗಳ ಮೇಲೆ ಕಲ್ಲಿದ್ದಲಿನ ಕರಿ ಇಂಜಿನ್‌ಗಳು ಓಡಿದವು.

ಸ್ವಾತಂತ್ರ್ಯ ಬಂದ ಮೇಲೆ ದೇಶದ ಮೀಟರ್‌ಗೇಜ್ ಹಳಿಗಳಲ್ಲಿ ಹೆಚ್ಚು ದುಡಿದದ್ದು ಎರಡು ಜಾತಿಯ ಇಂಜಿನ್. ಪ್ಯಾಸೆಂಜರ್ ಗಾಡಿಗೆ ವೈಪಿ, ಗೂಡ್ಸ್ ಗಾಡಿಗೆ ವೈಜಿ. 1949ರಿಂದ 1970ರ ದಶಕದ ಆರಂಭದವರೆಗೆ ಎರಡೂ ಸೇರಿ 1,900ಕ್ಕೂ ಹೆಚ್ಚು ಇಂಜಿನ್ ತಯಾರಾದವು. ಹೊರದೇಶದ ಕಾರ್ಖಾನೆಗಳ ಜೊತೆಗೆ ನಮ್ಮ ಜಮ್‌ಶೆಡ್‌ಪುರದ ಟೆಲ್ಕೊದಲ್ಲೂ ಇವನ್ನು ಕಟ್ಟಿದರು. 1990ರ ದಶಕದಲ್ಲಿ ಹೊಸಪೇಟೆಯ ಮುಖ್ಯ ಮಾರ್ಗ ಬ್ರಾಡ್‌ಗೇಜ್ ಆಯಿತು. ಹಳೆ ಹಳಿ ಹೋಯಿತು, ಹಳಿಯ ಜೊತೆ ಇಂಜಿನ್ನೂ ಗುಜರಿಗೆ ಹೋಯಿತು.

ಕೆಲವು ಹಳೇ ಇಂಜಿನ್‌ಗಳು ಮ್ಯೂಸಿಯಂ ಸೇರಿದವು. ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಒಂದು ಶುರುವಾಯಿತು. ಅಲ್ಲಿ ಇಂಜಿನ್ ಮುಟ್ಟಬಹುದು, ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳಬಹುದು. ಕಬ್ಬಿಣ ಉಳಿದಿದೆ, ಬಣ್ಣ ಹೊಸದಾಗಿದೆ. ಸದ್ದು ಮಾತ್ರ ಇಲ್ಲ.

ಚುಕುಬುಕು ಅಂದರೆ ಲೆಕ್ಕ

ಉಗಿ ಇಂಜಿನ್ನಿನ ಸದ್ದಿನೊಳಗೆ ಗಣಿತ ಇದೆ. ವೈಪಿ, ವೈಜಿ ಎರಡಕ್ಕೂ ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್. ಒಂದೊಂದು ಸಿಲಿಂಡರಿನಲ್ಲೂ ಪಿಸ್ಟನ್ ಮುಂದೆ ಹೋಗುವಾಗ ಒಮ್ಮೆ, ಹಿಂದೆ ಬರುವಾಗ ಒಮ್ಮೆ ಉಗಿ ಹೊರಬೀಳುತ್ತದೆ. ಎರಡೂ ಬದಿಯದ್ದು ಒಟ್ಟಿಗೆ ಬೀಳದಂತೆ ಚಕ್ರಗಳನ್ನು ಜೋಡಿಸಿರುತ್ತಾರೆ. ಹಾಗಾಗಿ ದೊಡ್ಡ ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಉಸಿರು. ಚು-ಕು-ಬು-ಕು ಅಂತ ಎಣಿಸಿ ನೋಡಿ, ಅಕ್ಷರವೂ ನಾಲ್ಕೇ.

ವೈಜಿ ಇಂಜಿನ್ನಿನ ಚಾಲಕ ಚಕ್ರದ ಅಡ್ಡಳತೆ ನಾಲ್ಕು ಅಡಿ. ಅದು ಅದಿರು ತುಂಬಿದ ಗಾಡಿಯನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಎಳೆಯುತ್ತಿದೆ ಅಂತಿಟ್ಟುಕೊಳ್ಳಿ. ಚಕ್ರ ಸೆಕೆಂಡಿಗೆ ಒಂದು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ, ಅಂದರೆ ಸೆಕೆಂಡಿಗೆ ನಾಲ್ಕಕ್ಕಿಂತ ತುಸು ಹೆಚ್ಚು ಉಸಿರು. ಬೇಕಾದರೆ ಬೆರಳು ಮಡಚಿ ಎಣಿಸಬಹುದು. ವೈಪಿಯ ಚಕ್ರ ನಾಲ್ಕೂವರೆ ಅಡಿ. ಅದು ಪ್ಯಾಸೆಂಜರ್ ಗಾಡಿ ಎಳೆದುಕೊಂಡು ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿದರೆ ಸೆಕೆಂಡಿಗೆ ಹತ್ತು ಉಸಿರು. ಎಣಿಸಲು ಆಗುವುದಿಲ್ಲ, ಒಂದೇ ಹೊಳೆಯಾಗಿ ಕೇಳುತ್ತದೆ. ಏರು ಹತ್ತುವಾಗ ಉಸಿರು ಗಡಸು. ಇಳಿಜಾರಿನಲ್ಲಿ ಉಗಿ ನಿಲ್ಲಿಸಿದರೆ ಉಸಿರೇ ಇಲ್ಲ, ರಾಡುಗಳ ಟಣಟಣ ಮಾತ್ರ.

ಮೊಬೈಲ್ ರಿಪೇರಿ ಬಲ್ಲವರ ಕೆಲಸ

ಡಿಕೋಡರ್ ಮಾಡುವುದು ಇದೇ ಲೆಕ್ಕವನ್ನು. ಡಿಜಿಟಲ್ ಪದ್ಧತಿಯಲ್ಲಿ ಕಿರು ಹಳಿಯಲ್ಲಿ ಕರೆಂಟು, ಸಂದೇಶ ಎರಡೂ ಒಟ್ಟಿಗೆ ಹರಿಯುತ್ತವೆ. ಜರ್ಮನಿಯ ಲೆಂಜ್ ಕಂಪನಿ ರೂಪಿಸಿದ ಈ ಪದ್ಧತಿಯನ್ನು 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘ ಎಲ್ಲ ಕಂಪನಿಗಳಿಗೂ ಹೊಂದುವ ಮಾನದಂಡವಾಗಿ ಮಾಡಿತು. ಪ್ರತಿ ಇಂಜಿನ್ನಿಗೂ ಫೋನ್ ನಂಬರಿನ ಹಾಗೆ ಒಂದು ನಂಬರ್ ಇರುತ್ತದೆ. ಹೊಸ ಡಿಕೋಡರಿಗೆ ಸಾಮಾನ್ಯವಾಗಿ 3 ಅಂತ ಇಟ್ಟು ಕಳಿಸುತ್ತಾರೆ, ಆಮೇಲೆ ನಾವು ಬದಲಿಸಿಕೊಳ್ಳಬೇಕು. ಆ ನಂಬರಿಗೆ "ಸೀಟಿ ಹಾಕು" ಅಂತ ಸಂದೇಶ ಹೋದರೆ ಆ ಇಂಜಿನ್ ಮಾತ್ರ ಸೀಟಿ ಹಾಕುತ್ತದೆ.

ಕೂರಿಸುವ ಕೆಲಸ ನಮ್ಮ ಬಜಾರಿನ ಮೊಬೈಲ್ ಅಂಗಡಿ ಹುಡುಗರಿಗೆ ಹೊಸದಲ್ಲ. ಸಣ್ಣ ತುದಿಯ ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್, ಅಲುಗದ ಕೈ ಸಾಕು. ಕೆಂಪು, ಕಪ್ಪು ವೈರು ಹಳಿಯಿಂದ ಕರೆಂಟು ತರಲು. ಕಿತ್ತಳೆ, ಬೂದು ವೈರು ಮೋಟರಿಗೆ. ಹಳೇ ಮಾದರಿಗಳಲ್ಲಿ ಮೋಟರಿನ ಒಂದು ತುದಿ ಚಾಸಿಗೆ ತಾಗಿರುತ್ತದೆ. ಅದನ್ನು ಬಿಡಿಸದೆ ಹಳಿಯ ಮೇಲಿಟ್ಟರೆ ಡಿಕೋಡರ್ ಸುಟ್ಟುಹೋಗಬಹುದು. ಮೊದಲು ಮೀಟರ್ ಹಿಡಿದು ನೋಡಬೇಕು, ಆಮೇಲೆ ಕರೆಂಟು.

ಸ್ಪೀಕರಿಗೆ ಜಾಗ ಹಿಂದಿನ ಟೆಂಡರಿನಲ್ಲಿ, ನಿಜವಾದ ಇಂಜಿನ್ನಿನಲ್ಲಿ ಕಲ್ಲಿದ್ದಲು, ನೀರು ಇರುತ್ತಿದ್ದ ಕಡೆ. ಸ್ಪೀಕರ್ ಹಿಂದೆ ಗಾಳಿ ಸೋರದಂತೆ ಪುಟ್ಟ ಡಬ್ಬಿ ಕಟ್ಟಲೇಬೇಕು. ಜಾತ್ರೆಯ ಸೌಂಡ್ ಸಿಸ್ಟಂನಲ್ಲಿ ಬಾಕ್ಸ್ ಬಿಚ್ಚಿ ಬರೀ ಸ್ಪೀಕರ್ ಇಟ್ಟರೆ ಹೇಗೆ ಕೀಚಲು ಕೇಳುತ್ತದೋ ಇಲ್ಲೂ ಹಾಗೆಯೇ. ಹಳಿ ಮೇಲೆ ಧೂಳು ಕೂತರೆ ಕರೆಂಟು ತಪ್ಪಿ ಸದ್ದು ತುಂಡಾಗುತ್ತದೆ, ಅದಕ್ಕೊಂದು ಕೆಪಾಸಿಟರ್ ಹಾಕುತ್ತಾರೆ. ಅದಿರಿನ ಧೂಳಿನ ನಮ್ಮ ಸೀಮೆಯಲ್ಲಿ ಅದು ಬೇಕೇ ಬೇಕು.

ದುಡ್ಡಿನ ಮಾತು. ಯುರೋಪಿನ ಒಳ್ಳೆ ಸೌಂಡ್ ಡಿಕೋಡರ್ ಒಂದಕ್ಕೇ ನೂರು ಯೂರೋ ಆಸುಪಾಸು, ನಮ್ಮ ದುಡ್ಡಲ್ಲಿ ಹತ್ತು ಸಾವಿರದ ಹತ್ತಿರ. ನಮ್ಮ ಶಾಲೆಗೆ ಅದು ಆಗದ ಮಾತು. ಆದರೆ ಆರ್ಡುಯಿನೊ ನ್ಯಾನೊ, ಮೆಮೊರಿ ಕಾರ್ಡ್ ಹಾಕುವ ಡಿಎಫ್‌ಪ್ಲೇಯರ್ ಮಿನಿ, ಒಂದು ಸ್ಪೀಕರ್, ಚಕ್ರಕ್ಕೊಂದು ಅಯಸ್ಕಾಂತ, ಅದನ್ನು ಗುರುತಿಸುವ ಸೆನ್ಸರ್ ಇವೆಲ್ಲ ಸೇರಿ ಕೆಲವು ನೂರು ರೂಪಾಯಿಯಲ್ಲಿ ಬರುತ್ತವೆ. ಒಂದೊಂದು ಉಸಿರಿಗೂ ಹೊಸ ಫೈಲು ತೆರೆಯುವಷ್ಟು ಚುರುಕು ಆ ಪ್ಲೇಯರಿಗಿಲ್ಲ. ಅದಕ್ಕೆ ನಿಧಾನ, ಮಧ್ಯಮ, ಜೋರು ಅಂತ ಮೂರು ಸದ್ದು ಇಟ್ಟು ಚಕ್ರದ ವೇಗ ನೋಡಿ ಬದಲಿಸಬೇಕು. ಉಸಿರಿನ ಮೇಲೆಯೇ ಸೀಟಿಯೂ ಕೇಳಬೇಕಾದರೆ ಎರಡನೇ ಪ್ಲೇಯರ್ ಬೇಕು. ಇದು ಕಿರು ಇಂಜಿನ್ನಿನೊಳಗೆ ಹಿಡಿಸದು, ಶಾಲೆಯಲ್ಲಿ ಮಾಡುವ ಮೊಳದುದ್ದದ ರಟ್ಟಿನ ಇಂಜಿನ್ನಿಗೆ ಧಾರಾಳ. ಐಟಿಐ ಹುಡುಗರಿಗೆ, ಹೈಸ್ಕೂಲಿನ ವಿಜ್ಞಾನ ಮೇಳಕ್ಕೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಯಾವುದಿದೆ?

ತಕರಾರು ಇರುವುದು ಇಲ್ಲಿ

ಬೋರ್ಡು ಸಿಗುತ್ತದೆ, ಸ್ಪೀಕರ್ ಸಿಗುತ್ತದೆ. ಒಳಗೆ ತುಂಬಲು ಸದ್ದು ಎಲ್ಲಿಂದ ತರುವುದು?

ಡಿಕೋಡರ್ ಕಂಪನಿಗಳು ಕೊಡುವ ಸದ್ದುಗಳಲ್ಲಿ ಹೆಚ್ಚಿನವು ಜರ್ಮನಿ, ಬ್ರಿಟನ್, ಅಮೆರಿಕದ ಇಂಜಿನ್‌ಗಳವು. ಆ ದೇಶಗಳಲ್ಲಿ ಉಗಿ ಇಂಜಿನ್ ಉಳಿಸಿ ಇವತ್ತಿಗೂ ಓಡಿಸುವ ಸಂಘಗಳಿವೆ. ಅವುಗಳ ಪಕ್ಕ ಮೈಕ್ ಹಿಡಿದು ಸೀಟಿ, ಉಸಿರು, ಬ್ರೇಕು, ಸಲಿಕೆಯ ಸದ್ದು ಎಲ್ಲವನ್ನೂ ಬಿಡಿಬಿಡಿಯಾಗಿ ಹಿಡಿದಿಡುತ್ತಾರೆ. ನಾವು ವೈಜಿ ಮಾದರಿ ಮಾಡಿ ಅದಕ್ಕೆ ಅಮೆರಿಕದ ಇಂಜಿನ್ನಿನ ಕೂಗು ಹಾಕಿದರೆ ನಮ್ಮ ಅಜ್ಜನ ಫೋಟೋಗೆ ಪರದೇಶದ ಯಾರದೋ ಧ್ವನಿ ಅಂಟಿಸಿದ ಹಾಗೆ.

"ಯಾರಿಗೆ ಗೊತ್ತಾಗುತ್ತೆ ಬಿಡ್ರಿ" ಅನ್ನುವ ಕಾಲ ಇದು. 2023ರ ಅಕ್ಟೋಬರಿನಲ್ಲಿ ಗುಜರಾತಿನ ಏಕತಾ ನಗರಕ್ಕೆ ಒಂದು ಹೆರಿಟೇಜ್ ರೈಲು ಬಿಟ್ಟರು. ನೋಡಲು ಉಗಿ ಇಂಜಿನ್, ಒಳಗೆ ಕರೆಂಟ್ ಮೋಟರ್. ವೇಷ ಹಾಕುವುದು ತಪ್ಪಲ್ಲ, ಬಯಲಾಟದ ನಾಡು ನಮ್ಮದು. ಆದರೆ ಬಯಲಾಟದಲ್ಲಿ ಅದು ವೇಷ ಅಂತ ನೋಡುವವರಿಗೆ ಗೊತ್ತಿರುತ್ತದೆ. ಹತ್ತು ವರ್ಷದ ಹುಡುಗಿ ಮ್ಯೂಸಿಯಂನಲ್ಲಿ ಬಟನ್ ಒತ್ತಿ ಒಂದು ಸೀಟಿ ಕೇಳಿದರೆ ಕೊಟ್ಟೂರು ಗಾಡಿ ಹೀಗೇ ಕೂಗುತ್ತಿತ್ತು ಅಂತಲೇ ನಂಬುತ್ತಾಳೆ. ತಿದ್ದಲು ಆಗ ಯಾರೂ ಇರುವುದಿಲ್ಲ.

ಹತ್ತಿರದ ಊಟಿಯಲ್ಲಿ ಮೀಟರ್‌ಗೇಜ್ ಉಗಿ ಇಂಜಿನ್ ಇನ್ನೂ ಓಡುತ್ತದಲ್ಲ, ಅದನ್ನೇ ರೆಕಾರ್ಡ್ ಮಾಡಿದರಾಯಿತು ಅನ್ನಬಹುದು. ಅದು ಹಲ್ಲಿನ ಹಳಿ ಹಿಡಿದು ಗುಡ್ಡ ಹತ್ತುವ ಬೇರೆ ಜಾತಿ. ಎರಡರ ಬದಲು ನಾಲ್ಕು ಸಿಲಿಂಡರ್, ಅದರ ತಾಳವೇ ಬೇರೆ. ಹರಿಯಾಣದ ರೇವಾರಿ ಶೆಡ್‌ನಲ್ಲಿ ಮೀಟರ್‌ಗೇಜ್ ಇಂಜಿನ್‌ಗಳನ್ನು ಕಾಪಾಡಿಟ್ಟಿದ್ದಾರೆ. ಕೇಳಬೇಕಾದದ್ದು ಅಲ್ಲಿ, ಕೇಳಬೇಕಾದವರು ರೈಲ್ವೆಯವರು.

ಇಂಜಿನ್ನಿಗಿಂತ ಹತ್ತಿರ ಇರುವವರು ಮನುಷ್ಯರು. 1980ರ ದಶಕದಲ್ಲಿ ಇಪ್ಪತ್ತೈದರ ಹರೆಯದ ಫೈರ್‌ಮನ್ ಆಗಿದ್ದವರಿಗೆ ಈಗ ಅರವತ್ತು ದಾಟಿದೆ. ಆಗ ಡ್ರೈವರ್ ಆಗಿದ್ದವರಿಗೆ ಎಂಬತ್ತರ ಆಸುಪಾಸು. ಹೊಸಪೇಟೆ, ಹುಬ್ಬಳ್ಳಿ, ಗುಂತಕಲ್ಲಿನ ರೈಲ್ವೆ ಕಾಲೊನಿಗಳ ಸುತ್ತ ಇಂಥ ಹಿರಿಯರು ಇನ್ನೂ ಇದ್ದಾರೆ. ಗೇಟಿನ ಹತ್ತಿರ ಸೀಟಿ ಎಷ್ಟು ಉದ್ದ, ಏರಿನಲ್ಲಿ ಚಕ್ರ ಜಾರಿದರೆ ಉಸಿರು ಹೇಗೆ ಗಡಬಡಿಸುತ್ತಿತ್ತು, ಇಂಜಿನ್ ಸರಿಯಿಲ್ಲ ಅಂತ ಸದ್ದಿನಲ್ಲೇ ಹೇಗೆ ಹಿಡಿಯುತ್ತಿದ್ದರು, ಇದೆಲ್ಲ ಅವರ ಕಿವಿಯಲ್ಲಿದೆ.

ಹಾಗಾದರೆ ಮಾಡುವುದೇನು?

ಮೊದಲ ಕೆಲಸ ನಮ್ಮ ಕೈಯಲ್ಲೇ ಇದೆ. ನಿಮ್ಮ ಓಣಿಯಲ್ಲಿ ರೈಲ್ವೆಯಿಂದ ರಿಟೈರ್ ಆದ ಹಿರಿಯರಿದ್ದರೆ ಹೋಗಿ ಕೂತು ಕೇಳಿ. "ತಾತ, ಇಂಜಿನ್ ಹೆಂಗ್ ಕೂಗ್ತಿತ್ತು, ಒಂಚೂರು ತೋರಿಸ್ರಿ" ಅನ್ನಿ. ನಾಚಿಕೊಂಡರೂ ಕೊನೆಗೆ ಬಾಯಲ್ಲೇ ತೋರಿಸುತ್ತಾರೆ. ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆಗಬಹುದಾದರೆ ಡಬ್ಲ್ಯೂಎವಿ ಫೈಲಾಗಿ ಉಳಿಸಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಬೇಡ, ಅದು ಸದ್ದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಸೀಟಿ ಬೇರೆ, ಹೊರಡುವ ಉಸಿರು ಬೇರೆ, ಏರಿನದು ಬೇರೆ, ಇಳಿಜಾರಿನದು ಬೇರೆ ಹಿಡಿಯಿರಿ. ಯಾವ ಇಂಜಿನ್, ಯಾವ ಮಾರ್ಗ, ಯಾವ ವರ್ಷ ಅಂತ ಅವರ ಬಾಯಲ್ಲೇ ಹೇಳಿಸಿ.

ಬಾಯಿ ಸದ್ದನ್ನೇ ಡಿಕೋಡರಿಗೆ ಹಾಕಲು ಆಗುವುದಿಲ್ಲ, ನಿಜ. ಆದರೆ ಬೇರೆ ಕಡೆ ಹಿಡಿದು ತಂದ ವೈಜಿ ಸದ್ದು ನಮ್ಮ ಗಾಡಿಯ ಹಾಗೆ ಇದೆಯೋ ಇಲ್ಲವೋ ಅಂತ ಹೇಳಬಲ್ಲ ಸಾಕ್ಷಿ ಇವರೇ. ಸೀಟಿ ತುಸು ದಪ್ಪ ಆಗಬೇಕು, ಉಸಿರು ಇನ್ನೂ ಗಡಸಾಗಬೇಕು ಅಂತ ಕೂತು ತಿದ್ದಿಸಬಲ್ಲವರೂ ಇವರೇ. ಕಂಪ್ಯೂಟರ್ ಬಲ್ಲ ಮೊಮ್ಮಗಳು ಪಕ್ಕ ಕೂತರೆ ಆ ಕೆಲಸ ಒಂದು ಮಧ್ಯಾಹ್ನದ್ದು.

ಎರಡನೆಯದು ರೈಲ್ವೆಯ ಪಾಲಿಗೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಇಂಜಿನ್ನಿಗೆ ಬಣ್ಣ ಬಳಿಯಲು ದುಡ್ಡು ಇರುವ ಇಲಾಖೆಗೆ ಒಬ್ಬ ಸೌಂಡ್ ರೆಕಾರ್ಡಿಸ್ಟ್‌ನನ್ನು ರೇವಾರಿಗೆ ಕಳಿಸುವುದು ಭಾರವಲ್ಲ. ಹಾಗೆ ಹಿಡಿದ ಸದ್ದನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟರೆ ಕಂಪ್ಲಿಯ ಶಾಲೆಯೂ ಬಳಸೀತು, ಪುಣೆಯ ಜೋಶಿ ಕಿರು ರೈಲು ಮ್ಯೂಸಿಯಂನಂಥ ಕಡೆಯೂ ಬಳಸಿಯಾರು.

ಮೂರನೆಯದು ಮಾದರಿ ಮಾಡುವವರಿಗೆ, ಮ್ಯೂಸಿಯಂ ನಡೆಸುವವರಿಗೆ. ನಮ್ಮ ಸದ್ದು ಸಿಗುವವರೆಗೆ ಬೇರೆ ದೇಶದ್ದು ಹಾಕಬೇಕಾಗಿ ಬಂದರೆ ಹಾಕಿ. ಪಕ್ಕದಲ್ಲಿ "ಇದು ಈ ಇಂಜಿನ್ನಿನ ಸ್ವಂತ ಸದ್ದಲ್ಲ" ಅಂತ ಕನ್ನಡದಲ್ಲಿ ಒಂದು ಸಾಲು ಬರೆಯಿರಿ.

ಹಂಪಿಯ ವಿಠ್ಠಲ ಗುಡಿಯಲ್ಲಿ ಕಲ್ಲಿನ ರಥ ಇದೆ, ಪಕ್ಕದ ಮಂಟಪದಲ್ಲಿ ನಾದ ಹೊಮ್ಮಿಸುವ ಕಂಬಗಳಿವೆ. ಕಂಬ ಸವೆಯಬಾರದು ಅಂತ ಈಗ ಅವನ್ನು ಬಡಿಯಲು ಬಿಡುವುದಿಲ್ಲ, ಅದು ಸರಿಯೇ. ಆದರೂ ನಾದ ಆ ಕಲ್ಲಿನಲ್ಲೇ ಉಳಿದಿದೆ, ಬೇಕಾದಾಗ ಹುಷಾರಾಗಿ ಅಳೆದು ಹಿಡಿದಿಡಬಹುದು. ಕರಿ ಇಂಜಿನ್ನಿನ ನಾದ ಉಳಿದಿರುವುದು ವಯಸ್ಸಾದ ಕೆಲವರ ನೆನಪಿನಲ್ಲಿ. ಈ ಭಾನುವಾರ ಬಿಡುವಿದ್ದರೆ ಅಂಥವರೊಬ್ಬರ ಮನೆಗೆ ಫೋನ್ ಚಾರ್ಜ್ ಮಾಡಿಕೊಂಡು ಹೋಗಿ ಬನ್ನಿ.