ಹನ್ನೊಂದು ಅಡಿ ಟ್ರೇಲರು, ಇಪ್ಪತ್ತು ಅಡಿ ಪೈಪು!

ಲೆಕ್ಕ ದೊಡ್ಡದಲ್ಲ. ಮೂರನೇ ಇಯತ್ತೆಯ ಹುಡುಗನೂ ಮಾಡಿಯಾನು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರು ಹತ್ತು-ಹನ್ನೊಂದು ಅಡಿ ಉದ್ದ. ಬೋರಿನೊಳಗೆ ಇಳಿಸುವ ಪೈಪು ಇಪ್ಪತ್ತು ಅಡಿ. ಉಳಿದ ಒಂಬತ್ತು ಅಡಿ ಎಲ್ಲಿ ಹೋಯಿತು? ಟ್ರೇಲರಿನ ಹಿಂದೆ ಗಾಳಿಯಲ್ಲಿ ಜೋತಾಡುತ್ತ, ಸೈಕಲ್ ಮೋಟಾರಿನ ಮೇಲೆ ಬರುವವನ ಎದೆಯ ಮಟ್ಟಕ್ಕೆ ಸರಿಯಾಗಿ ನಿಂತಿರುತ್ತದೆ. ತುದಿಗೆ ಕೆಂಪು ಅರಿವೆ ಕಟ್ಟಿದ್ದರೆ ಆ ಗಾಡಿಯವನು ಭಾಳ ಶಾಣ್ಯಾ. ಬಹುತೇಕ ಮಂದಿ ಅದನ್ನೂ ಕಟ್ಟುವುದಿಲ್ಲ.

ಯುಗಾದಿ ದಾಟಿ ಬಾವಿಯ ತಳ ಕಂಡಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹಳ್ಳಿಗಳಲ್ಲಿ ಬೋರಿನ ಗಾಡಿಗಳ ಜಾತ್ರೆ ಶುರುವಾಗುತ್ತದೆ. ಈ ಸೀಮೆಯ ದೈವ ವಿಚಿತ್ರವಾದದ್ದು. ಉಗಾರ, ಶೇಡಬಾಳದ ಕಡೆ ಕೃಷ್ಣೆಯ ದಂಡೆಯ ಹೊಲಗಳು ನೀರು ಹೆಚ್ಚಾಗಿ ಸವುಳು ಬಿದ್ದಿವೆ. ಅದೇ ಹೊಳಿಗೆ ಬೆನ್ನು ಹಾಕಿ ಪೂರ್ವಕ್ಕೆ ತೆಲಸಂಗದ ಕಡೆ ಹೋದರೆ ದ್ರಾಕ್ಷಿ ಬಳ್ಳಿಗೆ ಒಂದು ಇಂಚು ನೀರು ಸಿಕ್ಕರೆ ಸಾಕೆಂದು ರೈತ ಕೈಮುಗಿದು ನಿಂತಿರುತ್ತಾನೆ. ಪಾಯಿಂಟ್ ನೋಡುವವನು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾನೆ, ಕಾಯಿ ಎದ್ದು ನಿಲ್ಲುತ್ತದೆ. ಏಜೆಂಟನಿಗೆ ಫೋನು ಹೋಗುತ್ತದೆ. ರಾತ್ರಿ ಹನ್ನೆರಡಕ್ಕೋ ಒಂದಕ್ಕೋ ಊರ ನಾಯಿಗಳೆಲ್ಲ ಒಮ್ಮೆಗೇ ಬೊಗಳಿದವೆಂದರೆ ಗಾಡಿ ಬಂತು ಅಂತ ಅರ್ಥ.

ನೀರು ಬಿತ್ತೋ ಇಲ್ಲವೋ ಎಂಬ ಮಾತು ಮರುದಿನ ಊರೆಲ್ಲ ಹರಡುತ್ತದೆ. ಗಾಡಿ ಹ್ಯಾಂಗ ಬಂತು, ಹ್ಯಾಂಗ ಹೋಯಿತು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಬೋರಿನ ಗಾಡಿ ಅಂದರೆ ಒಂದೇ ಗಾಡಿಯಲ್ಲ. ಮುಂದೆ ರಿಗ್ಗು ಹೊತ್ತ ಲಾರಿ, ಹಿಂದೆ ಸಪೋರ್ಟ್ ಗಾಡಿ. ಬಹಳಷ್ಟು ಗಾಡಿಗಳು ತಮಿಳುನಾಡಿನ ತಿರುಚೆಂಗೋಡಿನವು. ಆ ಊರು ದೇಶಕ್ಕೆಲ್ಲ ಬೋರು ಕೊರೆದು ಹೆಸರು ಮಾಡಿದೆ. ರಿಗ್ಗಿನ ಟವರನ್ನು ಮಲಗಿಸಿದಾಗ ಅದರ ತುದಿ ಡ್ರೈವರನ ತಲೆಯ ಮೇಲಿಂದ ಮುಂದಕ್ಕೆ ಚಾಚಿಕೊಂಡಿರುತ್ತದೆ. ಕಂಪ್ರೆಸರು, ಹ್ಯಾಮರು, ಬಿಟ್ಟುಗಳು, ಡೀಸೆಲ್ ಬ್ಯಾರಲ್ಲು, ಅಡಿಗೆ ಸಾಮಾನು ಎಲ್ಲ ಇದ್ದೇ ಇರುತ್ತದೆ. ಆದರೆ ಅಪಾಯದ ಸಾಮಾನು ಕೊರೆಯುವ ರಾಡು. ಇಪ್ಪತ್ತು ಅಡಿಯ ಒಂದು ರಾಡು ಸುಮಾರು ಕ್ವಿಂಟಲ್ ತೂಗುತ್ತದೆ. ಆರುನೂರು ಅಡಿ ಇಳಿಯಬೇಕಾದರೆ ಮೂವತ್ತು ರಾಡು ಬೇಕು, ಅಂದರೆ ಮೂರು ಟನ್ನು ಕಬ್ಬಿಣ. ಉರುಟಾದದ್ದು, ಎಣ್ಣೆ-ಗ್ರೀಸು ಮೆತ್ತಿದ್ದು, ಒಂದರ ಮೇಲೊಂದು ಜಾರುವಂಥದ್ದು.

ಕಬ್ಬು ಹೇರಿದಂತೆ ಇದನ್ನು ಹೇರಿದರೆ ಆಗುತ್ತದೆಯೇ? ಕಬ್ಬಿಗೆ ಕಬ್ಬು ಹಿಡಿದುಕೊಳ್ಳುತ್ತದೆ, ಎಲೆ, ಗಣಿಕೆ ಸಿಕ್ಕಿ ಹೊರೆ ಗಟ್ಟಿಯಾಗುತ್ತದೆ. ಕಬ್ಬಿಣ ಕಬ್ಬಿಣವನ್ನು ಹಿಡಿಯುವುದಿಲ್ಲ. ಲೋಡು ತುಂಬಿ ನೂಲಿನ ಹಗ್ಗ ಬಿಗಿದು ಹೊರಟರೆ ಮೊದಲ ಐದಾರು ಮೈಲಿನ ಕುಲುಕಾಟದಲ್ಲೇ ರಾಡುಗಳು ಒಂದರ ಸಂದಿಯಲ್ಲೊಂದು ಕುಳಿತು, ಬಿಗಿದ ಹಗ್ಗ ಸಡಿಲಾಗುತ್ತದೆ. ಆಮೇಲೆ ಹಗ್ಗ ಇರುವುದು ನೋಡುವವರ ಸಮಾಧಾನಕ್ಕೆ. ಗಾಡಿಯ ಮುಂದೆ ಎಮ್ಮೆ ಅಡ್ಡ ಬಂದು ಡ್ರೈವರ ಬ್ರೇಕ್ ತುಳಿದರೆ ಗಾಡಿ ನಿಲ್ಲುತ್ತದೆ, ರಾಡು ನಿಲ್ಲುವುದಿಲ್ಲ. ಅದು ನೇರ ಕ್ಯಾಬಿನ್ನಿಗೆ ಬರುತ್ತದೆ. ಏರು ಹತ್ತುವಾಗ ಹಿಂದಕ್ಕೆ ಸರಿದು ರಸ್ತೆಗೆ ಬೀಳುತ್ತದೆ.

ಇದಕ್ಕೆ ಮದ್ದು ಏನು ಅಮೆರಿಕದಿಂದ ಬರಬೇಕಾಗಿಲ್ಲ. ರಾಡಿನ ಸಾಲುಗಳ ನಡುವೆ ಕಟ್ಟಿಗೆಯ ತುಂಡು ಇಡಬೇಕು. ಎರಡೂ ಬದಿಗೆ ಕಬ್ಬಿಣದ ಗೂಟ, ಕ್ಯಾಬಿನ್ನಿನ ಹಿಂದೆ ಗಟ್ಟಿ ತಡೆ ಇರಬೇಕು. ಹಗ್ಗದ ಬದಲು ಸರಪಳಿ, ಅದನ್ನು ಬಿಗಿಯಲು ತಿರುಪು. ಹೊರಟ ಮೇಲೆ ಐದಾರು ಮೈಲಿಗೆ ಒಮ್ಮೆ ನಿಂತು ಮತ್ತೆ ಬಿಗಿಯಬೇಕು. ಈ ಕೊನೆಯ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ, ಚಹಾ ಕುಡಿಯುವಷ್ಟು ಹೊತ್ತು ಸಾಕು. ಅದೇ ಆಗುವುದಿಲ್ಲ!

ತಮಿಳುನಾಡಿನ ಗಾಡಿಗಳನ್ನಷ್ಟೇ ಬೈದು ಸುಮ್ಮನಾಗುವುದು ನ್ಯಾಯವಲ್ಲ. ಕೇಸಿಂಗ್ ಪೈಪು ತರುವವರು, ಪಂಪು ಕೆಟ್ಟಾಗ ಪೈಪು ಎತ್ತಿ ಪೇಟೆಗೆ ಒಯ್ಯುವವರು, ಬಾವಿಯೊಳಗೆ ಅಡ್ಡ ಬೋರು ಹೊಡೆಯುವ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ಯುವವರು ನಮ್ಮ ಊರ ಮಂದಿಯೇ. ಟ್ರೇಲರಿನ ಭಾರ ಅದರ ಅಚ್ಚಿಗಿಂತ ಸ್ವಲ್ಪ ಮುಂದೆ ಬೀಳಬೇಕು. ಉದ್ದನೆಯ ಪೈಪು ಹಿಂದಕ್ಕೆ ಚಾಚಿದರೆ ಭಾರ ಹಿಂದೆ ಬಿದ್ದು ಟ್ರೇಲರಿನ ಮೂಗು ಮೇಲೇಳುತ್ತದೆ, ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಹಿಡಿತ ತಪ್ಪುತ್ತದೆ. ಹುಕ್ಕಿನ ಪಿನ್ನು ಸವೆದಿದ್ದರೆ, ಅಥವಾ ಪಿನ್ನು ಕಳೆದುಹೋಯಿತೆಂದು ಅಲ್ಲಿ ರಾಡಿನ ತುಂಡು ಸಿಗಿಸಿದ್ದರೆ ಮುಂದಿನದು ದೇವರಿಗೇ ಬಿಟ್ಟದ್ದು. ಪಿನ್ನು ತಪ್ಪಿದರೂ ಹಿಡಿದುಕೊಳ್ಳಲೆಂದು ಜೊತೆಗೊಂದು ಸರಪಳಿ ಹಾಕುವ ಪದ್ಧತಿಯುಂಟು. ಎಷ್ಟು ಟ್ರೇಲರಿಗೆ ಅದಿದೆ? ಸಂತೆಯ ದಿನ ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ರಸ್ತೆಯ ಬದಿಗೆ ನಿಂತು ಎಣಿಸಿದರೆ ತಿಳಿದೀತು.

ಇನ್ನೊಂದು ಮಾತು. ಟ್ರ್ಯಾಕ್ಟರು ಎಡಕ್ಕೆ ಹೊರಳಿದರೆ ಹಿಂದೆ ಚಾಚಿದ ಪೈಪಿನ ತುದಿ ಬಲಕ್ಕೆ ಬೀಸುತ್ತದೆ. ಬದಿಯಲ್ಲಿ ಬುಟ್ಟಿ ಇಟ್ಟು ಕುಳಿತ ಹೆಣ್ಣುಮಗಳಿಗೆ, ಶಾಲೆ ಬಿಟ್ಟು ಹೊರಟ ಮಕ್ಕಳಿಗೆ ಅದು ಕಾಣುವುದರೊಳಗೆ ಬಡಿದಿರುತ್ತದೆ. ಡ್ರೈವರನಿಗೆ ಗೊತ್ತೂ ಆಗುವುದಿಲ್ಲ, ಅವನ ಕಣ್ಣು ಎಡಕ್ಕಿರುತ್ತದೆ.

ರಸ್ತೆಗಳ ಕಥೆ ಬೇರೆ ಹೇಳಬೇಕೆ? ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಿಪ್ಪಾಣಿಯ ಬಳಿಯ ತವಂದಿ ಘಾಟದ ಇಳಿಜಾರು ತುಂಬಿದ ಗಾಡಿಗಳ ಬ್ರೇಕಿಗೆ ಪರೀಕ್ಷೆ ಇಟ್ಟಂತೆ. ಗೇರು ಇಳಿಸದೆ ಬ್ರೇಕನ್ನೇ ನಂಬಿ ಇಳಿದರೆ ಅರ್ಧಕ್ಕೇ ಬ್ರೇಕು ಕಾದು ಕೈಕೊಡುತ್ತದೆ. ಟ್ರ್ಯಾಕ್ಟರಿನ ಟ್ರೇಲರಿಗಂತೂ ಸಾಮಾನ್ಯವಾಗಿ ತನ್ನದೇ ಬ್ರೇಕಿರುವುದಿಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರು ಟ್ರೇಲರನ್ನು ಎಳೆಯುವುದಲ್ಲ, ಟ್ರೇಲರೇ ಟ್ರ್ಯಾಕ್ಟರನ್ನು ನೂಕುತ್ತದೆ. ಒಳಗಿನ ಹಳ್ಳಿಗಳಿಗೆ ಬಂದರೆ ಕಲ್ಲೋಳ-ಯಡೂರ, ಜತ್ರಾಟ-ಭಿವಶಿ, ಸಿದ್ನಾಳ-ಅಕ್ಕೋಳ, ಕಾರದಗಾ-ಭೋಜ ಬಾಂದಾರಗಳು. ಪ್ರತಿ ಮಳೆಗಾಲದಲ್ಲಿ ನೀರಿನಡಿ ಹೋಗಿ ಬರುವ ಈ ಕಿರು ಸೇತುವೆಗಳು ನೀರು ತಡೆಯಲೆಂದು ಕಟ್ಟಿದವು. ಮೇಲೆ ಓಡಾಡಲು ದಾರಿಯಾಯಿತು ಅಷ್ಟೆ. ಹತ್ತು ಮೈಲು ಸುತ್ತು ಉಳಿಯುತ್ತದೆಂದು ರಿಗ್ಗು ಹೊತ್ತ ಲಾರಿಗೆ ಈ ದಾರಿ ತೋರಿಸುವ ಏಜೆಂಟನ ಧೈರ್ಯಕ್ಕೆ ಏನನ್ನಬೇಕು? ಅಲ್ಲಿಂದ ಮುಂದೆ ತೋಟದ ದಾರಿ. ಎರಡೂ ಕಡೆ ಕಬ್ಬು, ನಡುವೆ ಎರಿ ಮಣ್ಣು. ಒಂದು ಮಳೆ ಬಿದ್ದರೆ ಗಾಲಿ ಹುಗಿದು ಗಾಡಿ ಒಂದು ಮಗ್ಗುಲಿಗೆ ವಾಲುತ್ತದೆ.

ಮೇಲೆ ನೋಡಿದರೆ ತಂತಿ. ರಸ್ತೆಯ ಅಡ್ಡ ಹಾಯುವ ಮನೆಬಳಕೆಯ ಲೈನು ನೆಲದಿಂದ 5.8 ಮೀಟರು, 11 ಸಾವಿರ ವೋಲ್ಟಿನ ಲೈನು 6.1 ಮೀಟರು ಎತ್ತರ ಇರಬೇಕೆಂದು ವಿದ್ಯುತ್ ಸುರಕ್ಷತಾ ನಿಯಮ ಹೇಳುತ್ತದೆ. ನಿಯಮದ ಪುಸ್ತಕ ನೋಡಿ ಕಂಬ ವಾಲುವುದಿಲ್ಲವಲ್ಲ! ತೋಟಪಟ್ಟಿಯಲ್ಲಿ ತಂತಿ ಕೈಗೆ ಎಟಕುವಂತೆ ಜೋತುಬಿದ್ದ ಜಾಗಗಳನ್ನು ಯಾವ ರೈತನಾದರೂ ತೋರಿಸಿಯಾನು. ಮಲಗಿಸಿದ ಟವರು ಸಾಮಾನ್ಯವಾಗಿ ದಾಟುತ್ತದೆ. ಆದರೆ ಮೊದಲ ಪಾಯಿಂಟು ಫೇಲಾಗಿ, ಅದೇ ಹೊಲದಲ್ಲಿ ಐವತ್ತು ಹೆಜ್ಜೆ ಆಚೆಗೆ ಇನ್ನೊಂದು ತೋರಿಸಿದಾಗ ಟವರು ಇಳಿಸಲು ಬೇಸರ. "ಇಲ್ಲೇ ಐತಲ್ಲೋ, ಹಂಗ ತಗೊಂಡು ನಡಿ" ಎಂದು ಎದ್ದ ಟವರಿನೊಡನೆಯೇ ಗಾಡಿ ಸರಿಸುತ್ತಾರೆ. ತಂತಿಗೆ ತಾಗಿದರೆ ಕಬ್ಬಿಣದ ಗಾಡಿಯೇ ಕರೆಂಟಾಗುತ್ತದೆ. ಕೆಳಗೆ ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಗಾಡಿಗೆ ಕೈಹಚ್ಚಿದವನು ಉಳಿಯುವುದು ಕಷ್ಟ. ಟವರು ಇಳಿಸಿ ಮತ್ತೆ ಎತ್ತಲು ಎಷ್ಟು ಹೊತ್ತು? ಬೀಡಿ ಸೇದಿ ಮುಗಿಸುವಷ್ಟು.

ಹಾಗಾದರೆ ಇಷ್ಟು ಗಡಿಬಿಡಿ ಯಾಕೆ? ರೊಕ್ಕದ ಲೆಕ್ಕ ಇರುವುದೇ ಹಾಗೆ. ದರ ಅಡಿಗೆ ಇಷ್ಟು ಅಂತ ಠರಾವಾಗುತ್ತದೆ. ಕೊರೆದ ಅಡಿಗೆ ಹಣ, ದಾರಿಯಲ್ಲಿ ಕಳೆದ ತಾಸಿಗೆ ಹಣವಿಲ್ಲ. ಸೀಜನ್ನು ಇರುವುದು ಮೂರು ತಿಂಗಳು. ಹಗಲೆಲ್ಲ ಕೊರೆದು ರಾತ್ರಿ ದಾರಿ ಸವೆಸಿದರೆ ಲಾಭ, ಹಗಲು ದಾರಿ ಹಿಡಿದರೆ ನಷ್ಟ. ಇತ್ತ ರೈತನೂ ಅವಸರದಲ್ಲಿರುತ್ತಾನೆ. ಕಣ್ಣೆದುರು ಬೆಳೆ ಒಣಗುತ್ತಿರುವವನಿಗೆ "ನಾಳೆ ಹಗಲು ಬರ್ತೀವ್ರಿ" ಎಂದರೆ ಇನ್ನೊಬ್ಬ ಏಜೆಂಟನಿಗೆ ಫೋನು ಹಚ್ಚುತ್ತಾನೆ. ಅವನ ಸಂಕಟ ಸುಳ್ಳಲ್ಲ. ಆದರೆ ಆ ಅವಸರದ ಬೆಲೆಯನ್ನು ಕತ್ತಲೆಯಲ್ಲಿ ಹಿಂದೆ ಬರುವ ಯಾವನೋ ದಾರಿಹೋಕ ಕಟ್ಟಬೇಕೆ?

ಆ ಬೆಲೆ ಕಟ್ಟುವವರಲ್ಲಿ ಗಾಡಿಯ ಹುಡುಗರೂ ಸೇರಿದ್ದಾರೆ. ಛತ್ತೀಸಗಡ, ಝಾರ್ಖಂಡ, ಒಡಿಶಾ ಕಡೆಯಿಂದ ಬಂದ ಹುಡುಗರು, ಮೈತುಂಬ ಬಿಳಿ ಕಲ್ಲುಹುಡಿ. ಹಗಲಿಡೀ ರಾಡು ಜೋಡಿಸಿ, ಬಿಚ್ಚಿ ಸೋತವರು ರಾತ್ರಿ ಗಾಡಿ ಹೊರಟಾಗ ಅದೇ ರಾಡುಗಳ ಮೇಲೆ ಚಾದರ ಹಾಸಿ ಮಲಗುತ್ತಾರೆ. ಕ್ಯಾಬಿನ್ನಿನಲ್ಲಿ ಜಾಗವಿಲ್ಲ. ರಾಡು ಉರುಳಿದರೆ ಮೊದಲು ಹೋಗುವವನು ಅವನು. ಹೊರೆಯ ಮೇಲೆ ಮನುಷ್ಯರನ್ನು ಕೂರಿಸಬಾರದೆಂದು ಕಾನೂನಿದೆ. ಆದರೆ ಅವನ ಊರು ಯಾವುದು, ಮನೆಗೆ ಯಾರು ತಿಳಿಸಬೇಕು ಎಂಬುದು ಬೋರು ಹಾಕಿಸಿದವನಿಗಿರಲಿ, ಎಷ್ಟೋ ಸಲ ಏಜೆಂಟನಿಗೂ ಗೊತ್ತಿರುವುದಿಲ್ಲ.

ಕಾನೂನಿಗೆ ಬರವಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ, ಗಾಡಿಯ ಮೈಯಿಂದ ಮಿತಿ ಮೀರಿ ಹಿಂದೆ, ಮುಂದೆ, ಬದಿಗೆ ಚಾಚಿದ ಹೊರೆಗೆ 20 ಸಾವಿರ ರೂಪಾಯಿ ದಂಡವಿದೆ. ಮೇಲಾಗಿ ಆ ಹೊರೆ ಇಳಿಸುವ ಖರ್ಚನ್ನೂ ಗಾಡಿಯವನೇ ಕೊಡಬೇಕು. ಆದರೆ ತಪಾಸಣೆ ನಡೆದರೆ ಕೊಗನೊಳಿಯಲ್ಲಿ, ಹೆದ್ದಾರಿಯಲ್ಲಿ. ಬೋರು ಬೀಳುವುದು ಹೆದ್ದಾರಿಯಲ್ಲಲ್ಲವಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿಗೆ ಹೊಳೆಯುವ ಪಟ್ಟಿ ಹಚ್ಚಿಸಲು ಫ್ಯಾಕ್ಟರಿಯ ಗೇಟಾದರೂ ಒಂದು ಜಾಗವಿದೆ, ಎಲ್ಲ ಗಾಡಿಗಳೂ ಅಲ್ಲಿಗೆ ಬರಲೇಬೇಕು. ಬೋರಿನ ಗಾಡಿಗೆ ಅಂಥ ಗೇಟು ಯಾವುದು?

ಗೇಟು ಇದೆ. ಯಾರೂ ತೆರೆದಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಕೊಳವೆ ಬಾವಿಗಳ ಬಗ್ಗೆ ಹಾಕಿಕೊಟ್ಟ ನಿಯಮಗಳಲ್ಲಿ ಮೊದಲನೆಯದೇ ಇದು: ಬೋರು ಹಾಕಿಸುವವನು 15 ದಿನ ಮೊದಲು ಜಿಲ್ಲಾಡಳಿತಕ್ಕೋ ಗ್ರಾಮ ಪಂಚಾಯಿತಿಗೋ ಬರೆದು ತಿಳಿಸಬೇಕು. ಕೊರೆಯುವ ಏಜೆನ್ಸಿ ನೋಂದಣಿಯಾಗಿರಬೇಕು. ಫೇಲಾದ ಬೋರನ್ನು ಮುಚ್ಚಬೇಕು. ಈ ನಿಯಮ ಬಂದದ್ದು ತೆರೆದ ಬೋರಿಗೆ ಬಿದ್ದು ಸತ್ತ ಕೂಸುಗಳ ಸಲುವಾಗಿ. ಬಂದ ಮೇಲೂ 2017ರ ಏಪ್ರಿಲ್‌ನಲ್ಲಿ ಇದೇ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ಫೇಲಾದ ಬೋರಿಗೆ ಬಿದ್ದಳು. ಕರಿಕಲ್ಲು ಒಡೆದು ಒಡೆದು ಎರಡು ದಿನ ಕಳೆದವು, ಕೂಸು ಜೀವಂತ ಸಿಗಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಇನ್ನೂ ಎರಡು ತುಂಬದ ಕೂಸು ಬದುಕಿ ಬಂತು, ಊರಿಗೆ ಊರೇ ಅತ್ತಿತು. ರಾಡು ಬಿಗಿಯದೆ ಹೊರಡಿಸುವ ಗಡಿಬಿಡಿಯೂ, ತೂತು ಮುಚ್ಚದೆ ಹೊರಡಿಸುವ ಗಡಿಬಿಡಿಯೂ ಬೇರೆ ಬೇರೆಯಲ್ಲ. ಮುಂದಿನ ಪಾಯಿಂಟಿಗೆ ಹೊತ್ತಾಯಿತು ಅಂತ ಹೊರಟ ಒಂದೇ ಗಾಡಿ ಅದು.

ಆ 15 ದಿನದ ಅರ್ಜಿ ನಿಜವಾಗಿ ಬಂದರೆ ಪಂಚಾಯಿತಿಯ ಪಿಡಿಓ ಹೊಲದ ಸರ್ವೇ ನಂಬರಿನ ಜೊತೆಗೆ ಗಾಡಿಯ ದಾರಿಯನ್ನೂ ಬರೆಸಿಕೊಳ್ಳಬಹುದು. ಯಾವ ಬಾಂದಾರದ ಮೇಲೆ ರಿಗ್ಗು ಹೋಗಬಾರದು ಎಂದು ಅಲ್ಲೇ ಹೇಳಬಹುದು. ಹೆಸ್ಕಾಂ ಲೈನ್‌ಮನ್ ಒಮ್ಮೆ ಹೋಗಿ ತಂತಿ ನೋಡಿ ಬರಬಹುದು, ಬೇಕಾದರೆ ಗಾಡಿ ದಾಟುವಾಗ ಅರ್ಧ ತಾಸು ಲೈನು ಬಂದ್ ಮಾಡಬಹುದು. ಹಗಲು ಸಾಗಾಟ, ಸರಪಳಿ ಕಟ್ಟು, ರಾಡಿನ ಮೇಲೆ ಮನುಷ್ಯರಿಲ್ಲ ಎಂಬ ಮೂರು ಸಾಲು ಏಜೆಂಟನ ಪಾವತಿಯಲ್ಲೇ ಅಚ್ಚಾಗಬಹುದು. ದೊಡ್ಡ ಯೋಜನೆ ಬೇಡ, ಬೆಂಗಳೂರಿನ ಕಡೆ ಮುಖ ಮಾಡುವುದೂ ಬೇಡ. ಚಿಕ್ಕೋಡಿಯ ಆರ್‌ಟಿಓ, ಹೆಸ್ಕಾಂ ಇಂಜಿನಿಯರರು, ಐದು ತಾಲೂಕಿನ ಪಂಚಾಯಿತಿ ಅಧಿಕಾರಿಗಳು ಒಂದು ದಿನ ಒಂದು ಕೋಣೆಯಲ್ಲಿ ಕುಳಿತರೆ ಆಗುವ ಕೆಲಸ. ಏಜೆಂಟರನ್ನೂ ಕರೆಯಲಿ, ಅವರ ನಂಬರು ಪ್ರತಿ ಊರಿನ ಕರೆಂಟು ಕಂಬದ ಮೇಲೆ ಬರೆದೇ ಇದೆ.

ಸಭೆ ಸಂಕ್ರಾಂತಿಯೊಳಗೆ ಆಗಬೇಕು. ಯುಗಾದಿಗೆ ಗಾಡಿಗಳು ಬಂದುಬಿಡುತ್ತವೆ.