ಸೋಯಾ ಒಳ್ಳೆಯದಾ? ಯಾರ ಹೊಟ್ಟೆಗೆ?

‘ಮುಟ್ಟು ನಿಲ್ಲೋ ವಯಸ್ಸಿನವರು ಸೋಯಾ ತಿನ್ನಬೇಕು’ ಅಂತಾರೆ ಒಬ್ಬರು. ‘ಅಯ್ಯೋ, ಅದರಲ್ಲಿ ಹಾರ್ಮೋನ್ ಇದೆಯಂತೆ, ಮುಟ್ಟಬೇಡಿ’ ಅಂತಾರೆ ಇನ್ನೊಬ್ಬರು. ಇಬ್ಬರ ಮೇಲೂ ನನ್ನದೊಂದು ತಕರಾರಿದೆ. ತಿನ್ನೋರ ಕರುಳಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಇಬ್ಬರೂ ಕೇಳೋದೇ ಇಲ್ಲ!

ಸೋಯಾದಲ್ಲಿ ಡೈಡ್ಜೀನ್ ಅನ್ನೋ ವಸ್ತು ಇದೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನ ಈಕ್ವಾಲ್ ಆಗಿ ಬದಲಾಯಿಸುತ್ತವೆ. ನಮ್ಮ ದೇಹಕ್ಕೆ ತಾನಾಗಿ ಆ ವಿದ್ಯೆ ಬರಲ್ಲ. ಈಸ್ಟ್ರೋಜನ್ ಹಾರ್ಮೋನು ಹೋಗಿ ಕೂರೋ ಜಾಗದಲ್ಲಿ ಈ ಈಕ್ವಾಲ್ ಡೈಡ್ಜೀನ್‌ಗಿಂತ ಗಟ್ಟಿಯಾಗಿ ಕೂರುತ್ತದೆ. ಹೆಸರು ಬಂದದ್ದು ಕುದುರೆಯಿಂದ. 1932ರಲ್ಲಿ ಅದು ಮೊದಲು ಸಿಕ್ಕಿದ್ದು ಗಬ್ಬದ ಕುದುರೆಯ ಮೂತ್ರದಲ್ಲಿ (ಎಲ್ಲೆಲ್ಲಿ ಹುಡುಕ್ತಾರಪ್ಪಾ ಈ ವಿಜ್ಞಾನಿಗಳು!).

ಅದರ ಬಿಸಿ ತಟ್ಟಿದ್ದು ಮಾತ್ರ ಕುರಿಗಳಿಗೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದು ಜಾತಿಯ ಕ್ಲೋವರ್ ಮೇವು ಮೇದ ಕುರಿಗಳು ಗಬ್ಬ ಕಟ್ಟೋದು ಕಡಿಮೆಯಾಗುತ್ತಾ ಹೋಯಿತು. ಆ ಮೇವಿನಲ್ಲಿದ್ದ ಫಾರ್ಮೊನೊನೆಟಿನ್ ಕುರಿಯ ಹೊಟ್ಟೆಯಲ್ಲಿ ಡೈಡ್ಜೀನ್ ಆಗಿ, ಆಮೇಲೆ ಈಕ್ವಾಲ್ ಆಗುತ್ತಿತ್ತು. ಹೆದರಿಸೋರಿಗೆ ಇಷ್ಟು ಸಾಕು. ಆದರೆ ಕುರಿ ದಿನವಿಡೀ ಅದನ್ನೇ ಮೇಯುತ್ತಿತ್ತು, ನಾವು ಪಲಾವಿಗೆ ಒಂದು ಹಿಡಿ ಸೋಯಾ ಚಂಕ್ಸ್ ಹಾಕ್ತೀವಿ ಅಷ್ಟೇ.

ಇನ್ನೊಂದು ವಿಷಯ, ಮನುಷ್ಯರಲ್ಲಿ ಎಲ್ಲರ ಕರುಳೂ ಈಕ್ವಾಲ್ ತಯಾರಿಸಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಶೇ. 25-30 ಜನರಿಗೆ, ಜಪಾನ್, ಕೊರಿಯಾ ಕಡೆ ಶೇ. 50-60ರಷ್ಟು ಜನರಿಗೆ ಇದು ಸಾಧ್ಯ. ಇಬ್ಬಗೆಯವರನ್ನೂ ಒಟ್ಟಿಗೆ ಸೇರಿಸಿ, ಸೋಯಾ ತಿನ್ನಿಸಿ, ಸರಾಸರಿ ತೆಗೆದರೆ ಏನು ಗೊತ್ತಾಗತ್ತೆ? ಸೈಕಲ್ ಹೊಡೆಯೋಕೆ ಬರೋರು, ಬಾರದೋರು ಎಲ್ಲರಿಗೂ ಒಂದೊಂದು ಸೈಕಲ್ ಕೊಟ್ಟು ಸರಾಸರಿ ವೇಗ ಅಳೆದ ಹಾಗೆ!

2012ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗ ನನಗೆ ಹಿಡಿಸಿದ್ದು ಇದಕ್ಕೇ. ಅವರು ಆರಿಸಿಕೊಂಡದ್ದು ಮುಟ್ಟು ನಿಂತ, ಈಕ್ವಾಲ್ ತಯಾರಾಗದ ಹೆಂಗಸರನ್ನ ಮಾತ್ರ. ದಿನಕ್ಕೆ 10 ಮಿಲಿಗ್ರಾಂ ಈಕ್ವಾಲನ್ನೇ 12 ವಾರ ಕೊಟ್ಟರು. ಇದ್ದಕ್ಕಿದ್ದಂತೆ ಮೈ ಬಿಸಿಯೇರೋದು, ಸುಳ್ಳು ಮಾತ್ರೆ ತಗೊಂಡವರಿಗಿಂತ ಇವರಲ್ಲಿ ಹೆಚ್ಚು ಕಡಿಮೆಯಾಯಿತು.

ರಾತ್ರಿ ಬೆವರಿ ಎದ್ದು ಕೂರೋ ಹೆಂಗಸರಿಗೆ ದುಬಾರಿ ಸೋಯಾ ಪುಡಿ ಮಾರೋರು ಇದನ್ನೂ ಹೇಳಲಿ ಅನ್ನೋದಷ್ಟೇ ನನ್ನ ವಾದ. ಪ್ರೋಟೀನಿಗೆ ಅಂತ ತಿಂತೀರಾ, ಧಾರಾಳವಾಗಿ ತಿನ್ನಿ, ಅದಕ್ಕೆ ಯಾವ ಬ್ಯಾಕ್ಟೀರಿಯಾದ ಅಪ್ಪಣೆಯೂ ಬೇಡ. ಔಷಧಿ ಅಂತ ಮಾರ್ತಾರಾ? ಹಾಗಾದರೆ ಯಾರ ಹೊಟ್ಟೆಗೆ ಅಂತ ಕೇಳಿ. ನೀವೇನಂತೀರಿ?