ಲಾರಿ ನಮ್ಮದು, ಲೋಡು ಯಾರದು?

ಠಾಣೆ–ಬೇಲಾಪುರ ರಸ್ತೆಯಿಂದ ಪೂರ್ವಕ್ಕೆ ತಿರುಗಿ, ಮಹಾಪೆ ದಾಟಿ, ಪಾರ್ಸಿಕ್ ಗುಡ್ಡ ಹತ್ತಿ ಶಿಳ್‌ಫಾಟಾ ಕಡೆ ಇಳಿಯುವ ರಸ್ತೆಯಲ್ಲಿ ಲಾರಿಗಳ ಸಾಲು ಕಡಿಯುವುದು ಅಪರೂಪ. ನ್ಹಾವಾ ಶೇವಾ ಬಂದರಿನಿಂದ ಕಂಟೇನರ್ ಹೊತ್ತು ಬರುವ ಟ್ರೇಲರ್‌ಗಳು, ತಳೋಜಾ ಕಡೆಯ ರಾಸಾಯನಿಕ ಟ್ಯಾಂಕರ್‌ಗಳು, ಕಾಂಕ್ರೀಟ್ ಕಲಸುತ್ತಲೇ ಏರು ಹತ್ತುವ ಮಿಕ್ಸರ್‌ಗಳು, ಇವುಗಳ ಸಂದಿಯಲ್ಲಿ ನುಸುಳುವ ‘ಛೋಟಾ ಹಾಥಿ’ಗಳು. ಮೂತಿಯ ಮೇಲಿನ ಹೆಸರು ಓದುತ್ತ ಹೋದರೆ ಟಾಟಾ, ಅಶೋಕ್ ಲೇಲ್ಯಾಂಡ್, ಮಹೀಂದ್ರ, ಐಷರ್. ನಡುವೆ ಕಾಣುವ ಭಾರತ್‌ಬೆಂಝ್‌ಗೆ ಜರ್ಮನಿಯ ನಂಟಿದ್ದರೂ ಅದು ತಯಾರಾಗುವುದು ಚೆನ್ನೈ ಬಳಿಯ ಒರಗಡಂನಲ್ಲಿ.

ಗಾಡಿ ಇಲ್ಲಿಯದೇ. ಅದು ಹೊತ್ತ ಲೋಡು ಎಲ್ಲಿಯದು?

ಈ ಪ್ರಶ್ನೆ ಕೇಳುವುದಕ್ಕೆ ಮಹಾಪೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಠಾಣೆ ಖಾರಿಗೂ ಪಾರ್ಸಿಕ್ ಗುಡ್ಡಕ್ಕೂ ನಡುವಿನ ಈ ಪಟ್ಟಿಯನ್ನು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, 1960ರ ದಶಕದಲ್ಲಿ ಕಾರ್ಖಾನೆಗಳಿಗೆಂದೇ ಬಿಡಿಸಿಕೊಂಡಿತು. ಆಮೇಲೆ ಮಹಾಪೆಯಲ್ಲಿ ‘ಎಲೆಕ್ಟ್ರಾನಿಕ್ ಝೋನ್’ ಬಂತು. ಈಗ ಅದೇ ನೆಲದಲ್ಲಿ ಮಿಲೇನಿಯಂ ಬಿಸಿನೆಸ್ ಪಾರ್ಕಿನ ಕಚೇರಿಗಳಿವೆ, ಡೇಟಾ ಸೆಂಟರ್‌ಗಳಿವೆ. ಲಾರಿಗಳ ಓಡಾಟ ಕಡಿಮೆಯಾಗಿಲ್ಲ, ಅವು ತುಂಬಿಕೊಳ್ಳುವ ಮಾಲು ಬದಲಾಗಿದೆ. ದೇಶ ಲಾರಿ ಮಾಡುವುದನ್ನು ಕಲಿತ ಬಗೆಯನ್ನೂ ಉಳಿದ ಎಷ್ಟೋ ವಸ್ತುಗಳ ವಿಷಯದಲ್ಲಿ ಅದನ್ನು ಮರೆತ ಬಗೆಯನ್ನೂ ಒಟ್ಟಿಗೆ ನೋಡಿದರೆ ಎಡವಿದ್ದು ಎಲ್ಲಿ ಎಂಬುದು ತಿಳಿಯುತ್ತದೆ.

ಲಾರಿ ತಯಾರಿಕೆ ತಾನಾಗಿ ಇಲ್ಲಿ ಬೇರುಬಿಟ್ಟದ್ದಲ್ಲ. 1928ರಲ್ಲಿ ಜನರಲ್ ಮೋಟರ್ಸ್ ಕಂಪನಿ ಮುಂಬಯಿಯ ಶಿವ್ಡಿಯಲ್ಲಿ ಘಟಕ ತೆರೆಯಿತು. ಹಡಗಿನಲ್ಲಿ ಪೆಟ್ಟಿಗೆ ತುಂಬಿ ಬಂದ ಭಾಗಗಳನ್ನು ಜೋಡಿಸಿ ಹೊರಗೆ ಬಿಡುವುದಷ್ಟೇ ಅಲ್ಲಿನ ಕೆಲಸ. ಇದರಿಂದ ದೇಶಕ್ಕೆ ವಿದ್ಯೆ ಬರುವುದಿಲ್ಲ ಎಂದು ಮೊದಲೇ ಗುರುತಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಒಬ್ಬರು. 1930ರ ದಶಕದ ನಡುವೆ ಅವರು ಅಮೆರಿಕ, ಯುರೋಪುಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಮುಂಬಯಿಯಲ್ಲಿ ಅಂಥದ್ದೊಂದನ್ನು ಕಟ್ಟುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೆ ನಿಂತರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರ ಮಾತ್ರ ಒಪ್ಪಿಗೆ ಕೊಡದೆ ಸತಾಯಿಸಿತು. ಕೊನೆಗೆ 1944ರಲ್ಲಿ ವಾಲ್‌ಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕ್ರೈಸ್ಲರ್ ಕಂಪನಿಯ ಪರವಾನಗಿಯಲ್ಲಿ ಕುರ್ಲಾದಿಂದ ಡಾಡ್ಜ್, ಫಾರ್ಗೊ ಲಾರಿಗಳು ಹೊರಬಂದವು. ಕನ್ನಡ ನಾಡಿನ ಹಳೆಯ ಚಾಲಕರ ಬಾಯಲ್ಲಿ ಫಾರ್ಗೊ ಎಂಬ ಹೆಸರು ಬಹುಕಾಲ ಉಳಿದಿತ್ತು.

ನಿಜವಾದ ತಿರುವು ಬಂದದ್ದು 1953ರಲ್ಲಿ. ಇಲ್ಲೇ ತಯಾರಿಸುವ ಕಾರ್ಯಕ್ರಮವಿಲ್ಲದೆ ಬರೀ ಜೋಡಿಸಿ ಮಾರುವ ಕಂಪನಿಗಳು ಗಂಟುಮೂಟೆ ಕಟ್ಟಬೇಕೆಂದು ಕೇಂದ್ರ ಸರ್ಕಾರ ಹೇಳಿತು. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಹೊರಟುಹೋದವು. ಮರುವರ್ಷ ಟಾಟಾದ ಟೆಲ್ಕೊ, ಡೈಮ್ಲರ್‌–ಬೆಂಝ್ ಜೊತೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಕೆ ಶುರುಮಾಡಿತು. ವರ್ಷದಿಂದ ವರ್ಷಕ್ಕೆ ಭಾಗಗಳನ್ನು ಇಲ್ಲಿಯೇ ಮಾಡಿಕೊಳ್ಳುತ್ತ ಹೋಗಿ, 1969ರಲ್ಲಿ ಒಪ್ಪಂದ ಮುಗಿದಾಗ ಬೆಂಝ್‌ನ ಆಸರೆಯಿಲ್ಲದೆ ನಡೆಯುವಷ್ಟು ಪಳಗಿತ್ತು. ಮದ್ರಾಸಿನ ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್ ಹಿಡಿದದ್ದೂ ಇದೇ ದಾರಿ.

ಇಲ್ಲೇ ತಯಾರಿಸಬೇಕೆಂಬ ಆ ಷರತ್ತಿನ ಫಲ ದೊಡ್ಡ ಕಾರ್ಖಾನೆಗಳಿಗಷ್ಟೇ ನಿಲ್ಲಲಿಲ್ಲ. ಲೋಡು ತುಂಬಿದ ಲಾರಿಯೊಂದು ಘಾಟಿಯ ನಡುವೆ ಸ್ಪ್ರಿಂಗ್ ಪಟ್ಟಿ ಮುರಿದುಕೊಂಡು ವಾಲಿ ನಿಂತಿತು ಎನ್ನಿ. ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಹತ್ತಿರದ ಢಾಬಾದ ಪಕ್ಕದ ಶೆಡ್ಡಿನಿಂದ ಮೆಕ್ಯಾನಿಕ್ ಜಾಕ್ ಹೊತ್ತು ಬಂದು, ಚಾಸಿಯ ಕೆಳಗೆ ಮರದ ದಿಮ್ಮಿ ಇಟ್ಟು, ಯು–ಬೋಲ್ಟುಗಳನ್ನು ಸಡಿಲಿಸಿ, ಸೆಂಟರ್ ಬೋಲ್ಟ್ ಬಿಚ್ಚಿ, ತುಂಡಾದ ಪಟ್ಟಿಯನ್ನು ಎಳೆದು ತೆಗೆಯುತ್ತಾನೆ. ಅದೇ ಅಳತೆಯ ಪಟ್ಟಿ ಶೆಡ್ಡಿನ ಗೋಡೆಗೆ ಒರಗಿಸಿಟ್ಟಿರುತ್ತದೆ. ಎರಡು ಮೂರು ಗಂಟೆಯಲ್ಲಿ ಲಾರಿ ಹೊರಡುತ್ತದೆ. ಆ ಪಟ್ಟಿ ಅಲ್ಲಿ ಸಿಗಬೇಕಾದರೆ ಉಕ್ಕು ಎಳೆಯುವವರು, ಕಾಯಿಸಿ ಬಗ್ಗಿಸುವವರು, ಸಾಗಿಸುವವರು, ಸಾಲಕ್ಕೆ ಕೊಡುವ ಅಂಗಡಿಯವರು ಎಲ್ಲರೂ ದೇಶದೊಳಗೇ ಇರಬೇಕು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು ಬೆಳೆದದ್ದು ಇಂಥ ಸರಪಳಿಯ ಕೊಂಡಿಗಳಾಗಿ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆ ಡೀಸೆಲ್ ಎಂಜಿನ್ನುಗಳಿಗೆ ಇಂಧನ ಪಂಪು ಮಾಡಿಕೊಡುತ್ತ ಸಾವಿರಾರು ಮನೆಗಳಿಗೆ ಅನ್ನ ಹಾಕಿತು. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರ ಅವರ ವಿಆರ್‌ಎಲ್ ಇಂದು ಸಾವಿರಾರು ಗಾಡಿಗಳನ್ನು ಓಡಿಸುತ್ತಿದೆ. ಊರೂರಿನಲ್ಲಿ ರಿಪೇರಿಯಾಗುವ, ಬಿಡಿಭಾಗ ಸಿಗುವ ಲಾರಿ ಇರದಿದ್ದರೆ ಅಂಥ ಬೆಳವಣಿಗೆ ಸಾಧ್ಯವಾಗುತ್ತಿರಲಿಲ್ಲ.

1980ರ ದಶಕದಲ್ಲಿ ಈ ವಿದ್ಯೆಗೆ ಪರೀಕ್ಷೆ ಎದುರಾಯಿತು. ಹಗುರ ಲಾರಿಗಳ ಮಾರುಕಟ್ಟೆಗೆ ಡಿಸಿಎಂ–ಟೊಯೊಟಾ, ಸ್ವರಾಜ್–ಮಜ್ದಾ, ಆಲ್ವಿನ್–ನಿಸ್ಸಾನ್, ಐಷರ್–ಮಿತ್ಸುಬಿಷಿ ಎಂದು ನಾಲ್ಕು ಜಪಾನಿ ಜೋಡಿಗಳು ಬಂದಿಳಿದವು. ಟಾಟಾ 1986ರಲ್ಲಿ ಸ್ವಂತ ವಿನ್ಯಾಸದ 407 ತಂದಿತು. ಅಷ್ಟರಲ್ಲಿ ಯೆನ್ ಬೆಲೆ ಏರಿ, ಜಪಾನಿನಿಂದ ತರಿಸುವ ಭಾಗಗಳೆಲ್ಲ ದುಬಾರಿಯಾದವು. ಮುಂದೆ ಡಿಸಿಎಂ–ಟೊಯೊಟಾ ಕೊರಿಯಾದ ಡೇವೂ ಪಾಲಾಯಿತು, ಆಲ್ವಿನ್–ನಿಸ್ಸಾನ್ ಮಹೀಂದ್ರದ ಮಡಿಲಿಗೆ ಬಿತ್ತು. ಭಾಗಗಳನ್ನು ಬೇಗ ಇಲ್ಲಿಯೇ ಮಾಡಿಕೊಂಡ ಐಷರ್ ನಿಂತುಕೊಂಡಿತು. 407 ಇವತ್ತಿಗೂ ರಸ್ತೆಯಲ್ಲಿದೆ.

2005ರಲ್ಲಿ ಬಂದ ಟಾಟಾ ಏಸ್, ಅಂದರೆ ಮಹಾಪೆಯ ಸಂದಿಗಳಲ್ಲಿ ನುಸುಳುವ ಆ ‘ಛೋಟಾ ಹಾಥಿ’, ಇದರ ಮುಂದಿನ ಕಂತು. ಎರಡು ಸಿಲಿಂಡರ್, ಸುಮಾರು 700 ಸಿಸಿ ಎಂಜಿನ್, ಮುಕ್ಕಾಲು ಟನ್ ಭಾರ. ದೊಡ್ಡ ಲಾರಿ ನುಗ್ಗಲಾಗದ ಗಲ್ಲಿಗೆ, ಮೂರು ಚಕ್ರದ ಗಾಡಿಗಿಂತ ಭದ್ರವಾಗಿ ಮಾಲು ಮುಟ್ಟಿಸುವ ಈ ಗಾಡಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ. ಈ ಕುಟುಂಬದ ಏಸ್ ಜಿಪ್ ತಯಾರಾದದ್ದು ನಮ್ಮ ಧಾರವಾಡದಲ್ಲಿ.

ಸೋತ ಕತೆ ನೋಡಲು ಈಗ ಮತ್ತೆ ಮಹಾಪೆಗೆ ಬಂದು, ಗುಡ್ಡ ಇಳಿದು ಶಿಳ್‌ಫಾಟಾದಲ್ಲಿ ಕಲ್ಯಾಣದ ಕಡೆ ತಿರುಗಬೇಕು. ಡೊಂಬಿವಲಿ ಬಳಿ ಪ್ರೀಮಿಯರ್ ಕಂಪನಿಯ ಎರಡನೆಯ ಕಾರ್ಖಾನೆ ಇತ್ತು. ನಿಸ್ಸಾನ್ ಎಂಜಿನ್ ಕೂರಿಸಿದ 118 ಎನ್‌ಇ ಕಾರಿನ ನಂತರ, 1990ರ ದಶಕದ ನಡುವೆ ಫ್ರಾನ್ಸಿನ ಪೂಜೊ ಜೊತೆ ಸೇರಿ 309 ಕಾರು ತಯಾರಿಸಲಾಯಿತು. ಮುಂಗಡ ಕಟ್ಟಿ ಕಾದವರು ಅನೇಕರು. ಕಾರ್ಮಿಕರ ಜೊತೆಗಿನ ತಿಕ್ಕಾಟ, ಪಾಲುದಾರರ ಮುನಿಸು ಸೇರಿ ದಶಕ ಮುಗಿಯುವ ಮೊದಲೇ ಪೂಜೊ ಕೈತೊಳೆದುಕೊಂಡಿತು. ಕುರ್ಲಾದಲ್ಲಿ ಪ್ರೀಮಿಯರ್‌ನ ಪದ್ಮಿನಿ ಕಾರಿನ ತಯಾರಿಕೆಯೂ ನಿಂತಿತು; ಅದರ ಕೊನೆಯ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ಮುಂಬಯಿ ರಸ್ತೆಯಿಂದ ಮರೆಯಾಯಿತು. ಒಂದು ಕಾಲಕ್ಕೆ ಪಾಳಿಯ ಸೈರನ್ನು ಕೇಳಿಸುತ್ತಿದ್ದ ಕಲ್ಯಾಣ–ಶಿಳ್ ರಸ್ತೆಯ ಇಕ್ಕೆಲದಲ್ಲಿ ಈಗ ಗೋಪುರದಂಥ ವಸತಿ ಕಟ್ಟಡಗಳು.

ಠಾಣೆ–ಬೇಲಾಪುರ ರಸ್ತೆಯಲ್ಲಿ 1968ರಲ್ಲಿ ನಾಫ್ತಾ ಘಟಕ ಶುರುಮಾಡಿ, ದೇಶದ ಪೆಟ್ರೊರಾಸಾಯನಿಕ ಉದ್ಯಮಕ್ಕೆ ತಳಪಾಯ ಹಾಕಿದ ಕಂಪನಿಗಳಲ್ಲಿ ಒಂದಾದ ನೋಸಿಲ್, ಆ ಘಟಕವನ್ನೇ ಮುಚ್ಚಬೇಕಾಯಿತು. ಕಂಪನಿ ಈಗಲೂ ನವಿ ಮುಂಬಯಿಯಲ್ಲಿ ರಬ್ಬರ್ ರಾಸಾಯನಿಕ ತಯಾರಿಸುತ್ತದೆ. ಲಾರಿಯ ಟೈರು ಗಟ್ಟಿಯಾಗಿ ಬಾಳುವುದಕ್ಕೆ ಬೇಕಾದದ್ದು ಅದು. ಚೀನಾದಿಂದ ಅಗ್ಗದ ದರದಲ್ಲಿ ಬಂದು ಸುರಿಯುವ ಅದೇ ಮಾಲಿನ ಎದುರು ರಕ್ಷಣೆ ಕೊಡಿ ಎಂದು ಅದು ಸರ್ಕಾರದ ಬಾಗಿಲು ತಟ್ಟುತ್ತ ಬಂದಿದೆ.

ಹಾಗಾದರೆ ಮಹಾಪೆಯ ಲಾರಿಗಳು ಹೊರುವುದೇನು? ಡೇಟಾ ಸೆಂಟರ್‌ಗಳಿಗೆ ಸರ್ವರ್, ಕೇಬಲ್, ಜನರೇಟರ್. ಭಿವಂಡಿಯ ಗೋದಾಮುಗಳಿಗೆ ಕಂಟೇನರ್‌ಗಟ್ಟಲೆ ಮೊಬೈಲ್ ಭಾಗ, ಆಟಿಕೆ, ದೀಪ, ಅಡುಗೆಮನೆಯ ಯಂತ್ರ. 2024–25ರಲ್ಲಿ ಚೀನಾದಿಂದ ಭಾರತದ ಆಮದು 11,000 ಕೋಟಿ ಡಾಲರ್ ಮೀರಿತು. ಒಟ್ಟು ದೇಶೀಯ ಉತ್ಪನ್ನದಲ್ಲಿ ತಯಾರಿಕೆಯ ಪಾಲನ್ನು 2022ರ ಹೊತ್ತಿಗೆ ಶೇ 25ಕ್ಕೆ ಏರಿಸುತ್ತೇವೆ ಎಂದು 2011ರ ರಾಷ್ಟ್ರೀಯ ತಯಾರಿಕಾ ನೀತಿ ಹೇಳಿತ್ತು. 2014ರ ‘ಮೇಕ್ ಇನ್ ಇಂಡಿಯಾ’ ಅದೇ ಗುರಿಯನ್ನು ಎತ್ತಿ ಹಿಡಿಯಿತು. ಆ ಪಾಲು ಶೇ 17ರ ಆಸುಪಾಸಿನಿಂದ ಮೇಲೇಳಲೇ ಇಲ್ಲ.

ಕಾರ್ಖಾನೆ ಹೋದದ್ದು ಒಳ್ಳೆಯದೇ ಆಯಿತು ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ ತಿಂಗಳಲ್ಲೊಮ್ಮೆ, 2024ರ ಮೇ ತಿಂಗಳಲ್ಲೊಮ್ಮೆ ರಾಸಾಯನಿಕ ಘಟಕಗಳು ಸ್ಫೋಟಿಸಿದವು. ಎರಡು ಸಲವೂ ಹತ್ತಕ್ಕಿಂತ ಹೆಚ್ಚು ಜೀವ ಹೋದವು, ಸುತ್ತಲಿನ ಮನೆಗಳ ಕಿಟಕಿ ಗಾಜು ಪುಡಿಯಾದವು. ಆದರೆ ಕಾರ್ಖಾನೆಯ ಗೋಡೆಗೆ ತಾಗಿ ಮನೆ ಕಟ್ಟಲು ಬಿಟ್ಟವರು ಯಾರು, ತಪಾಸಣೆ ಮಾಡಬೇಕಾದವರು ಎಲ್ಲಿದ್ದರು ಎಂದು ಕೇಳದೆ, ತಯಾರಿಕೆಯನ್ನೇ ಊರಾಚೆ ಅಟ್ಟಿದರೆ ಅಪಾಯ ಇನ್ನೊಂದು ಊರಿಗೆ ವರ್ಗವಾಗುತ್ತದೆ, ಅಷ್ಟೆ.

ಬರೀ ಸುಂಕದ ಗೋಡೆ ಕಟ್ಟಿ ಕೂರಬೇಕು ಎಂಬ ವಾದವೂ ಅರ್ಧ ಸತ್ಯ. ಗೋಡೆಯೊಳಗೆ ಹಾಯಾಗಿದ್ದ ಪದ್ಮಿನಿ ದಶಕಗಟ್ಟಲೆ ಬದಲಾಗಲಿಲ್ಲ. ಬಾಗಿಲು ತೆರೆದೊಡನೆ ಸೋತಿತು. ಅಮೆರಿಕ 1964ರಿಂದ ವಿದೇಶಿ ಹಗುರ ಲಾರಿಗಳ ಮೇಲೆ ಶೇ 25 ಸುಂಕ ಹೇರಿದೆ. ಯುರೋಪು ಅಮೆರಿಕದ ಕೋಳಿಗೆ ತೆರಿಗೆ ಹಾಕಿದ್ದಕ್ಕೆ ಪ್ರತೀಕಾರ ಅದು. ಅಮೆರಿಕದ್ದೇ ಆದ ಫೋರ್ಡ್ ಅದನ್ನು ತಪ್ಪಿಸಲು ಟರ್ಕಿಯಲ್ಲಿ ಮಾಡಿದ ಸರಕು ವ್ಯಾನುಗಳಿಗೆ ಹಿಂದಿನ ಸೀಟು ಹಾಕಿ ‘ಪ್ರಯಾಣಿಕರ ಗಾಡಿ’ ಎಂದು ತಂದು, ಬಂದರಿನಲ್ಲಿ ಇಳಿಸಿದ ಮೇಲೆ ಸೀಟು ಕಿತ್ತುಹಾಕುತ್ತಿತ್ತು. 2024ರಲ್ಲಿ ಈ ಪ್ರಕರಣ ಮುಗಿಸಲು ಅದು 36.5 ಕೋಟಿ ಡಾಲರ್ ತೆರಬೇಕಾಯಿತು. ಸುಂಕವೊಂದೇ ಇದ್ದರೆ ಕಂಪನಿಗಳು ಸಂದು ಹುಡುಕುತ್ತವೆ. ಭಾರತದ ಲಾರಿಯನ್ನು ಬೆಳೆಸಿದ್ದು ಸುಂಕದ ಜೊತೆಗಿದ್ದ ಷರತ್ತು, ಅದನ್ನು ಈಡೇರಿಸಲು ಸಿಕ್ಕ ಕಾಲಾವಕಾಶ, ಒಳಗೇ ಇದ್ದ ಪೈಪೋಟಿ.

ಈ ಮಾತನ್ನು ಈಗಲೇ ಎತ್ತುವುದಕ್ಕೆ ಕಾರಣವಿದೆ. ಲಾರಿ ವಿದ್ಯುತ್ತಿಗೆ ಹೊರಳುತ್ತಿದೆ. ಏಸ್‌ನ ವಿದ್ಯುತ್ ರೂಪ 2022ರಲ್ಲೇ ಬಂತು. ಎಂಜಿನ್, ಗೇರ್‌ಬಾಕ್ಸ್, ಇಂಧನ ಪಂಪುಗಳ ಜಾಗದಲ್ಲಿ ಬ್ಯಾಟರಿ, ಮೋಟರ್ ಕೂರುತ್ತವೆ. ಬ್ಯಾಟರಿಯೊಳಗಿನ ಸೆಲ್ ಬಹುಪಾಲು ಹೊರಗಿನದು. ಮೋಟರಿಗೆ ಬೇಕಾದ ವಿರಳ ಲೋಹದ ಅಯಸ್ಕಾಂತಗಳ ರಫ್ತಿಗೆ ಚೀನಾ 2025ರ ಏಪ್ರಿಲ್‌ನಲ್ಲಿ ಕಡಿವಾಣ ಹಾಕಿದಾಗ ಇಲ್ಲಿನ ವಾಹನ ಕಂಪನಿಗಳು ಕಂಗಾಲಾದವು. ಸೆಲ್ ಇಲ್ಲೇ ಆಗಲಿ ಎಂದು ಕೇಂದ್ರ 2021ರಲ್ಲಿ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಘೋಷಿಸಿತ್ತು. ಕೆಲಸ ಮಾತ್ರ ಗಡುವಿಗಿಂತ ಬಹಳ ಹಿಂದಿದೆ. ಹೀಗೇ ಬಿಟ್ಟರೆ 1928ರ ಶಿವ್ಡಿಯ ವ್ಯವಹಾರ ಮರಳುತ್ತದೆ: ಪೆಟ್ಟಿಗೆ ಒಡೆದು ಜೋಡಿಸುವುದು, ಮೇಲೆ ನಮ್ಮ ಹೆಸರು ಬರೆಯುವುದು. ಆಗ ‘ಗಾಡಿ ಇಲ್ಲಿಯದೇ’ ಎಂಬ ಮಾತಿಗೂ ಅರ್ಥ ಉಳಿಯುವುದಿಲ್ಲ.

ಮಾಡಬೇಕಾದದ್ದು ಗೊತ್ತಿಲ್ಲದ್ದೇನಲ್ಲ. ಕೈಗಾರಿಕೆಗೆಂದು ರೈತರಿಂದ ಪಡೆದ ನೆಲದಲ್ಲಿ ಕಾರ್ಖಾನೆ ಮುಚ್ಚಿದರೆ, ಆ ನಿವೇಶನದ ಮೇಲಿನ ಮೊದಲ ಹಕ್ಕು ಇನ್ನೊಬ್ಬ ತಯಾರಕನದಾಗಬೇಕು. ಕಟ್ಟಡ ವ್ಯಾಪಾರಿಯ ಸರದಿ ಆಮೇಲೆ. ಮಹಾಪೆಯಲ್ಲೇ 21 ಎಕರೆಯಲ್ಲಿ ಆಭರಣ ತಯಾರಿಕೆಯ ಪಾರ್ಕ್ ಯೋಜಿಸಲಾಗಿದೆ. ಚಿನ್ನಕ್ಕೆ ಸಿಕ್ಕ ಜಾಗ ಲೇತ್ ಮಷೀನಿಗೂ ಸಿಗಬೇಕು, ಅದೂ ಸಣ್ಣವರಿಗೆ ಕೈಗೆಟುಕುವ ಬಾಡಿಗೆಯ ಗಾಲಾಗಳಾಗಿ, ಅಂದರೆ ಸಣ್ಣ ಕೈಗಾರಿಕಾ ಮಳಿಗೆಗಳಾಗಿ. ಸಹಾಯಧನ ಕೊಡುವಾಗ ಎಷ್ಟು ಗಾಡಿ ಹೊರಬಂತು ಎಂಬುದರ ಜೊತೆಗೆ, ಅದರ ಬೆಲೆಯಲ್ಲಿ ಎಷ್ಟು ಪಾಲು ಇಲ್ಲಿ ಹುಟ್ಟಿತು ಎಂದು ವರ್ಷವರ್ಷವೂ ಲೆಕ್ಕ ಕೇಳಬೇಕು. ವಾಹನ ಉದ್ಯಮದ ಪ್ರೋತ್ಸಾಹ ಯೋಜನೆಯಲ್ಲಿ ಶೇ 50ರ ದೇಶೀಯ ಮೌಲ್ಯದ ಷರತ್ತು ಈಗಾಗಲೇ ಇದೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು.

ಕರ್ನಾಟಕ ಇದನ್ನು ಪಕ್ಕದ ರಾಜ್ಯದ ಸುದ್ದಿ ಎಂದು ಓದಿ ಬದಿಗಿಡಬಾರದು. ಭದ್ರಾವತಿಯ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ತೀರ್ಮಾನವಾದಾಗ ಆದ ಗದ್ದಲದ ನೆನಪು ಇನ್ನೂ ಹಸಿಯಾಗಿದೆ. ಬೆಂಗಳೂರಿನ ಎನ್‌ಜಿಇಎಫ್ ಕಾರ್ಖಾನೆ ಕಣ್ಣೆದುರೇ ಮುಚ್ಚಿತು. ಧಾರವಾಡ, ಬೆಳಗಾವಿಗಳ ಕೈಗಾರಿಕಾ ಪ್ರದೇಶಗಳಲ್ಲಿ ಇನ್ನೂ ಲೇತ್ ತಿರುಗುತ್ತಿದೆ, ಫೌಂಡ್ರಿ ಉರಿಯುತ್ತಿದೆ. ಅಲ್ಲಿನ ನಿವೇಶನ ತಯಾರಿಕೆಗಲ್ಲದೆ ಬೇರೆ ಬಳಕೆಗೆ ಬದಲಾಗದಂತೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಹಂಚಿಕೆ ಪತ್ರದಲ್ಲೇ ಷರತ್ತು ಬರೆಯಲಿ, ಬರೆದದ್ದನ್ನು ಮುಂದೆ ಬಂದ ಯಾವ ಸರ್ಕಾರವೂ ಸಡಿಲಿಸದಂತೆ ಶಾಸನಸಭೆ ನೋಡಿಕೊಳ್ಳಲಿ.